ಸರಾಸರಿ ಸರಿಯಿದೆ, ಕರೆಗಂಟೆಗೆ ಉತ್ತರವಿಲ್ಲ: ನರ್ಸಿಂಗ್ ಹೋಮ್ ಸಿಬ್ಬಂದಿ ದತ್ತಾಂಶದಲ್ಲಿ ದೋಷ ಹುಡುಕುವ ಕೈಪಿಡಿ

ಅಮೆರಿಕದ ನರ್ಸಿಂಗ್ ಹೋಮ್‌ಗಳ ಸಿಬ್ಬಂದಿ ಲೆಕ್ಕವನ್ನು ಓದಬೇಕಾಗಿ ಬಂದವರಿಗಾಗಿ ಈ ಬರಹ. ತಂದೆ ತಾಯಿಯನ್ನು ಅಲ್ಲಿ ಬಿಟ್ಟಿರುವ ಮಕ್ಕಳು, ಅಲ್ಲಿ ದುಡಿಯುವ ದಾದಿಯರು, ಆಡಳಿತ ನೋಡಿಕೊಳ್ಳುವವರು, ಮೂವರಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ. ನಮ್ಮ ಮಾತಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ ಎಂಬ ಅರ್ಥ ರೂಢಿಯಾಗಿದೆ. ಇಲ್ಲಿ ಆ ಪದ ಬೇರೆಯದನ್ನು ಸೂಚಿಸುತ್ತದೆ: ವೃದ್ಧರೂ ದೀರ್ಘಕಾಲದ ಕಾಯಿಲೆಯವರೂ ತಿಂಗಳು, ವರ್ಷಗಟ್ಟಲೆ ವಾಸಿಸುವ ಶುಶ್ರೂಷಾಲಯ. ಆ ದೇಶದಲ್ಲಿ ಇಂಥವು ಸುಮಾರು 15,000 ಇವೆ, ಅವುಗಳಲ್ಲಿ ಇರುವವರು ಸುಮಾರು 12 ಲಕ್ಷ ಜನ. ಅಲ್ಲಿ ಇರುವವರನ್ನು ರೋಗಿ ಎನ್ನದೆ ನಿವಾಸಿ ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಲಕ್ಷಣ

ದೂರು ಬಹುಮಟ್ಟಿಗೆ ಒಂದೇ ರೂಪದಲ್ಲಿ ಬರುತ್ತದೆ. ಹೋಮ್‌ಗಳನ್ನು ಹೋಲಿಸಿ ನೋಡಲು ಸರ್ಕಾರ ನಡೆಸುವ ಕೇರ್ ಕಂಪೇರ್ ತಾಣದಲ್ಲಿ ಆ ಹೋಮ್‌ನ ಸಿಬ್ಬಂದಿಗೆ ಐದಕ್ಕೆ ನಾಲ್ಕು ನಕ್ಷತ್ರಗಳಿವೆ, ನಿವಾಸಿಯೊಬ್ಬರಿಗೆ ದಿನಕ್ಕೆ ಸಿಗುವ ಶುಶ್ರೂಷೆಯ ಗಂಟೆಗಳೂ ಸಾಕಷ್ಟಿವೆ. ಆದರೆ ಭಾನುವಾರ ಹನ್ನೊಂದು ಗಂಟೆಗೆ ನೋಡಲು ಹೋದ ಮಗಳಿಗೆ ತಾಯಿ ಇನ್ನೂ ರಾತ್ರಿಯ ಉಡುಪಿನಲ್ಲೇ ಮಲಗಿರುವುದು ಕಾಣುತ್ತದೆ, ನೀರಿನ ಲೋಟ ಕೈಗೆಟುಕದಷ್ಟು ದೂರದ ಮೇಜಿನ ಮೇಲಿರುತ್ತದೆ, ಬಾಗಿಲ ಮೇಲಿನ ಕರೆಗಂಟೆಯ ದೀಪ ಉರಿಯುತ್ತಲೇ ಇರುತ್ತದೆ. ಆಡಳಿತಾಧಿಕಾರಿಯನ್ನು ಕೇಳಿದರೆ ಅವರು ನಕ್ಷತ್ರಗಳನ್ನು ತೋರಿಸುತ್ತಾರೆ.

ಈ ಸ್ಥಿತಿಗೆ ಮೂರು ಕಾರಣಗಳಿರಬಹುದು. ಕಳುಹಿಸಿದ ಲೆಕ್ಕವೇ ತಪ್ಪಿರಬಹುದು. ಲೆಕ್ಕ ಸರಿಯಿದ್ದು, ಸರಾಸರಿಯ ಒಳಗೆ ಕೊರತೆ ಅಡಗಿರಬಹುದು. ಅಥವಾ ಜನ ಇದ್ದೂ ಹಂಚಿಕೆ ಕೆಟ್ಟಿರಬಹುದು. ನಾನು ಯಾವಾಗಲೂ ಮೊದಲನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಕೊರತೆಯನ್ನು ಎತ್ತಿ ತೋರಿಸಿದಾಗ ಆಡಳಿತದಿಂದ ಬರುವ ಮೊದಲ ಉತ್ತರ “ಅದು ದಾಖಲೆಯ ತಪ್ಪು” ಎಂಬುದೇ ಆಗಿರುತ್ತದೆ, ಮತ್ತು ಎಷ್ಟೋ ಸಲ ಆ ಉತ್ತರ ನಿಜವೂ ಆಗಿರುತ್ತದೆ.

ಅಂಕಿ ಎಲ್ಲಿಂದ ಬರುತ್ತದೆ

ಹಿಂದೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯ ಸಮಯದಲ್ಲಿ ಎರಡು ವಾರಗಳ ಸಿಬ್ಬಂದಿ ಲೆಕ್ಕವನ್ನು ಹೋಮ್‌ನವರೇ ನಮೂನೆಯೊಂದರಲ್ಲಿ ಬರೆದು ಕೊಡುತ್ತಿದ್ದರು. ತಪಾಸಣೆ ಹತ್ತಿರವಾದಾಗ ಜನ ಹೆಚ್ಚಿಸಿದರೆ ಅದೇ ಇಡೀ ವರ್ಷದ ಚಿತ್ರವಾಗುತ್ತಿತ್ತು. 2010ರ ಅಫರ್ಡಬಲ್ ಕೇರ್ ಕಾಯ್ದೆಯು ವೇತನ ದಾಖಲೆಯನ್ನು ಆಧರಿಸಿದ, ಪರಿಶೋಧನೆಗೆ ಒಳಪಡಿಸಬಹುದಾದ ಲೆಕ್ಕವನ್ನೇ ವಿದ್ಯುನ್ಮಾನ ರೂಪದಲ್ಲಿ ಕೊಡಬೇಕೆಂದು ವಿಧಿಸಿತು. ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳನ್ನು ನಡೆಸುವ ಕೇಂದ್ರ ಸಂಸ್ಥೆಯಾದ ಸಿಎಂಎಸ್ ಇದಕ್ಕಾಗಿ ರೂಪಿಸಿದ ವ್ಯವಸ್ಥೆಯೇ ಪೇರೋಲ್ ಬೇಸ್ಡ್ ಜರ್ನಲ್. ಎಲ್ಲರೂ ಇದನ್ನು ಪಿಬಿಜೆ ಎನ್ನುತ್ತಾರೆ. 2016ರ ಜುಲೈ 1ರಿಂದ ಇದು ಕಡ್ಡಾಯ. ಪ್ರತಿ ತ್ರೈಮಾಸಿಕ ಮುಗಿದ 45 ದಿನಗಳೊಳಗೆ, ಪ್ರತಿ ನೌಕರರೂ ಪ್ರತಿ ದಿನ ಯಾವ ಹುದ್ದೆಯಲ್ಲಿ ಎಷ್ಟು ಗಂಟೆ ದುಡಿದರು ಎಂಬುದು ಅಲ್ಲಿ ಸೇರಬೇಕು. 2018ರ ಏಪ್ರಿಲ್‌ನಿಂದ ನಕ್ಷತ್ರಗಳ ಲೆಕ್ಕಕ್ಕೆ ಇದೇ ಆಧಾರ.

ಮೂಲ ಅಳತೆ ಸರಳವಾದದ್ದು. ಶುಶ್ರೂಷಾ ಸಿಬ್ಬಂದಿ ದುಡಿದ ಒಟ್ಟು ಗಂಟೆಗಳನ್ನು ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ದಿನಕ್ಕೆ ಒಬ್ಬ ನಿವಾಸಿಗೆ ಸಿಕ್ಕ ಗಂಟೆಗಳು ಬರುತ್ತವೆ. ದಿನದಿನದ ಈ ಕಡತವನ್ನು ಸಿಎಂಎಸ್ ತನ್ನ ದತ್ತಾಂಶ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಯಾರ ಅನುಮತಿಯೂ ಬೇಕಿಲ್ಲ, ಸಾಮಾನ್ಯ ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು. ಕೇರ್ ಕಂಪೇರ್ ತೋರಿಸುವ ಎರಡು ಬಗೆಯ ಅಂಕಿಗಳಲ್ಲಿ, ನಿವಾಸಿಗಳ ಕಾಯಿಲೆಯ ತೀವ್ರತೆಗೆ ತಕ್ಕಂತೆ ಹೊಂದಿಸಿದ್ದು ಹೋಮ್‌ಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಉಪಯುಕ್ತ. ದೋಷ ಹುಡುಕುವಾಗ ಹೊಂದಿಸದ, ವರದಿಯಾದ ಅಂಕಿಯನ್ನೇ ಹಿಡಿಯಿರಿ.

ಮೊದಲ ತಪಾಸಣೆ: ದಾಖಲೆಯನ್ನೇ ಶಂಕಿಸಿ

ಊಟದ ಬಿಡುವಿನಿಂದ ಆರಂಭಿಸೋಣ. ಎಂಟು ಗಂಟೆಯ ಪಾಳಿಗೆ ಅರ್ಧ ಗಂಟೆಯ ಊಟದ ಬಿಡುವನ್ನು, ಅದಕ್ಕೆ ವೇತನ ಕೊಟ್ಟಿರಲಿ ಬಿಟ್ಟಿರಲಿ, ಕಳೆದು ಏಳೂವರೆ ಗಂಟೆಯನ್ನೇ ವರದಿ ಮಾಡಬೇಕೆಂಬುದು ಪಿಬಿಜೆ ನಿಯಮ. ವೇತನದ ತಂತ್ರಾಂಶದಿಂದ ಗಂಟೆಗಳನ್ನು ನೇರವಾಗಿ ಎತ್ತಿದರೆ ಈ ಕಳೆಯುವಿಕೆ ತಪ್ಪಿಹೋಗುತ್ತದೆ, ಆಗ ಇಡೀ ಲೆಕ್ಕ ಶೇಕಡ 6.7ರಷ್ಟು ಉಬ್ಬುತ್ತದೆ. ಪತ್ತೆ ಹಚ್ಚುವುದು ಸುಲಭ: ಒಬ್ಬೊಬ್ಬ ನೌಕರರ ದಿನದ ಗಂಟೆಗಳ ವರದಿಯಲ್ಲಿ ಸಾಲುಸಾಲಾಗಿ 8.00 ಎಂದೇ ಕಂಡರೆ ಬಿಡುವನ್ನು ಕಳೆದಿಲ್ಲ ಎಂದೇ ತಿಳಿಯಿರಿ.

ಎರಡನೆಯದು ಮಧ್ಯರಾತ್ರಿ. ಪಿಬಿಜೆಗೆ ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ರಾತ್ರಿ 11ಕ್ಕೆ ಬಂದು ಬೆಳಿಗ್ಗೆ 7ಕ್ಕೆ ಹೋಗುವವರ ಒಂದು ಗಂಟೆ ಮೊದಲ ದಿನಕ್ಕೂ ಉಳಿದದ್ದು ಮರುದಿನಕ್ಕೂ ಸೇರಬೇಕು. ಹಾಜರಿ ತಂತ್ರಾಂಶ ಇಡೀ ಪಾಳಿಯನ್ನು ಆರಂಭದ ದಿನಕ್ಕೇ ಬರೆದರೆ ಒಟ್ಟು ಮೊತ್ತ ಬದಲಾಗುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಭಾನುವಾರ ಕೆಲಸಕ್ಕಿದ್ದ ಏಕೈಕ ನೋಂದಾಯಿತ ದಾದಿ ಶನಿವಾರ ರಾತ್ರಿಯ ಪಾಳಿಯವರಾಗಿದ್ದರೆ, ಭಾನುವಾರ ನೋಂದಾಯಿತ ದಾದಿಯೇ ಇರಲಿಲ್ಲ ಎಂದು ಕಡತ ಹೇಳುತ್ತದೆ. ದಾಖಲೆಯನ್ನು ತಿದ್ದಿದ ಮೇಲೂ ಅಲ್ಲಿ ಒಂದು ಕೊರತೆ ಉಳಿದೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು: 1987ರ ಸುಧಾರಣಾ ಕಾಯ್ದೆಯು ವಾರದ ಏಳೂ ದಿನ, ದಿನಕ್ಕೆ ಸತತ ಎಂಟು ಗಂಟೆ ನೋಂದಾಯಿತ ದಾದಿ ಇರಬೇಕೆಂದು ಹೇಳಿದೆ, ಮತ್ತು ಆ ಭಾನುವಾರಕ್ಕೆ ಅಷ್ಟು ಗಂಟೆಗಳು ಬರುವುದಿಲ್ಲ.

ಗಂಟೆಗಳು ಕಾಣೆಯಾಗುವ ದೋಷ ಬಹುತೇಕ ಏಜೆನ್ಸಿಯ, ಎಂದರೆ ಗುತ್ತಿಗೆಯ ಮೇಲೆ ದಾದಿಯರನ್ನು ಒದಗಿಸುವ ಹೊರಗಿನ ಸಂಸ್ಥೆಯ ಬಾಗಿಲಿನಿಂದಲೇ ಬರುತ್ತದೆ. ವಾರಾಂತ್ಯದಲ್ಲಿ ಏಜೆನ್ಸಿಯಿಂದ ಬಂದ ದಾದಿಯರ ಬಿಲ್ಲು ಗಡುವಿನೊಳಗೆ ತಲುಪದಿದ್ದರೆ ಅವರ ಗಂಟೆಗಳೇ ಲೆಕ್ಕಕ್ಕೆ ಬರುವುದಿಲ್ಲ, ಗಡುವು ಮುಗಿದ ಮೇಲೆ ತಿದ್ದಲು ಅವಕಾಶವೂ ಇಲ್ಲ. ಇನ್ನೊಂದು ಅಪಾಯ ಕಡತವನ್ನು ಸೇರಿಸುವ ಕ್ಷಣದಲ್ಲಿದೆ: ಹೊಸ ಕಡತವನ್ನು ಹಳೆಯದರೊಂದಿಗೆ ಕೂಡಿಸುವ ಆಯ್ಕೆ, ಹಳೆಯದರ ಜಾಗದಲ್ಲಿ ಇರಿಸುವ ಆಯ್ಕೆ ಎರಡೂ ಇವೆ. ಏಜೆನ್ಸಿಯ ಕಡತವನ್ನು ತಪ್ಪು ಆಯ್ಕೆಯಲ್ಲಿ ಕಳುಹಿಸಿದರೆ ಮೊದಲು ಸೇರಿಸಿದ ಗಂಟೆಗಳು ಅಳಿಸಿಹೋಗಬಹುದು. ಆದ್ದರಿಂದ ಸಲ್ಲಿಕೆಯ ನಂತರ ಸಿಎಂಎಸ್ ವ್ಯವಸ್ಥೆಯಿಂದ ಹೋಮ್‌ಗೆ ಸಿಗುವ 1702 ಸರಣಿಯ ಸಿಬ್ಬಂದಿ ವರದಿಗಳನ್ನು ತೆಗೆದು, ಹುದ್ದೆವಾರು ಮೊತ್ತವನ್ನು ವೇತನದ ಮೊತ್ತದೊಂದಿಗೆ ತಾಳೆ ನೋಡುವ ತನಕ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ನೌಕರರ ಗುರುತಿನ ಸಂಖ್ಯೆಯ ದೋಷ ಇನ್ನೊಂದು ಬಗೆಯದು. ಯಾರಾದರೂ ಸತತ 60 ದಿನ ಒಂದು ಗಂಟೆಯೂ ದುಡಿಯದಿದ್ದರೆ ಕೆಲಸ ಬಿಟ್ಟರೆಂದು ವ್ಯವಸ್ಥೆ ಭಾವಿಸುತ್ತದೆ. ವೇತನದ ತಂತ್ರಾಂಶ ಬದಲಿಸಿದಾಗ ಎಲ್ಲರಿಗೂ ಹೊಸ ಸಂಖ್ಯೆ ಸಿಕ್ಕರೆ, ಹಳೆಯ ಸಂಖ್ಯೆಗಳೆಲ್ಲ ಒಟ್ಟಿಗೆ ಕೆಲಸ ಬಿಟ್ಟಂತೆ ಕಾಣುತ್ತದೆ. ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಜೋಡಿಸುವ ಕಡತ ಕಳುಹಿಸಿದರೆ ಇದು ಸರಿಹೋಗುತ್ತದೆ. ಹೀಗೆಂದು ಕೆಲಸ ಬಿಡುವವರ ಹೆಚ್ಚಿನ ಪ್ರಮಾಣವನ್ನೆಲ್ಲ ದಾಖಲೆಯ ತಲೆಗೆ ಕಟ್ಟಬಾರದು: 2017 ಮತ್ತು 2018ರ ಪಿಬಿಜೆ ಲೆಕ್ಕವನ್ನು ಪರಿಶೀಲಿಸಿದ ಸಂಶೋಧಕರಿಗೆ ಶುಶ್ರೂಷಾ ಸಿಬ್ಬಂದಿ ಬದಲಾಗುವ ವಾರ್ಷಿಕ ಪ್ರಮಾಣ ಸರಾಸರಿ ಶೇಕಡ 128ರಷ್ಟು ಕಂಡುಬಂದಿತ್ತು. ಅಂದರೆ ಒಂದೇ ಹುದ್ದೆಗೆ ವರ್ಷದೊಳಗೆ ಒಬ್ಬರಿಗಿಂತ ಹೆಚ್ಚು ಜನ ಬಂದುಹೋಗುತ್ತಿದ್ದರು.

ಎರಡನೆಯ ತಪಾಸಣೆ: ನಿವಾಸಿಗಳ ಸಂಖ್ಯೆ

ಎಲ್ಲರೂ ಅಂಶವನ್ನು ನೋಡುತ್ತಾರೆ, ಛೇದವನ್ನು ಮರೆಯುತ್ತಾರೆ. ನಿವಾಸಿಗಳ ಸಂಖ್ಯೆ ಪಿಬಿಜೆಯಿಂದ ಬರುವುದಿಲ್ಲ. ಎಂಡಿಎಸ್ ಎಂಬ ಆರೋಗ್ಯ ಮೌಲ್ಯಮಾಪನದ ದಾಖಲೆಗಳಿಂದ ಬರುತ್ತದೆ. ಬಿಡುಗಡೆಯಾದ ಅಥವಾ ತೀರಿಕೊಂಡ ನಿವಾಸಿಯ ಕೊನೆಯ ದಾಖಲೆಯನ್ನು ಕಳುಹಿಸದಿದ್ದರೆ, ಹೊಸ ಮೌಲ್ಯಮಾಪನವಿಲ್ಲದೆ 150 ದಿನ ಕಳೆಯುವವರೆಗೂ ಅವರು ಅಲ್ಲೇ ಇದ್ದಾರೆಂದೇ ಲೆಕ್ಕ. ಹೀಗೆ ಐದಾರು ಜನ ಉಳಿದರೂ ಸರಾಸರಿ ಇಳಿಯುತ್ತದೆ. 1704 ಸರಣಿಯ ವರದಿಯನ್ನು ಅದೇ ದಿನದ ಹಾಸಿಗೆ ಪಟ್ಟಿಯೊಂದಿಗೆ ಹೆಸರು ಹೆಸರಾಗಿ ತಾಳೆ ನೋಡಿದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಇದು.

ಮೂರನೆಯ ತಪಾಸಣೆ: ಸರಾಸರಿಯನ್ನು ಬಿಡಿಸಿ

ದಾಖಲೆ ಸರಿಯಿದೆ ಎಂದು ಖಚಿತವಾದ ಮೇಲೆ ನಿಜವಾದ ಹುಡುಕಾಟ ಆರಂಭವಾಗುತ್ತದೆ. ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ನೂರು ನಿವಾಸಿಗಳಿರುವ ಹೋಮ್. ಜುಲೈನಿಂದ ಸೆಪ್ಟೆಂಬರ್‌ವರೆಗಿನ 92 ದಿನಗಳಲ್ಲಿ 66 ವಾರದ ದಿನಗಳು, 26 ಶನಿವಾರ ಭಾನುವಾರಗಳು. ವಾರದ ದಿನಗಳಲ್ಲಿ ದಿನಕ್ಕೆ 390 ಗಂಟೆ, ವಾರಾಂತ್ಯದಲ್ಲಿ 285 ಗಂಟೆ ದುಡಿಮೆ ನಡೆದಿದೆ. ಒಟ್ಟು 33,150 ಗಂಟೆಗಳನ್ನು 9,200 ನಿವಾಸಿ ದಿನಗಳಿಂದ ಭಾಗಿಸಿದರೆ 3.60 ಬರುತ್ತದೆ. ಕೇಳಲು ಹಿತವಾದ ಅಂಕಿ. ಆದರೆ ಆ 3.60 ಗಂಟೆಯ ಆರೈಕೆ ಯಾವ ದಿನವೂ, ಯಾರಿಗೂ ಸಿಕ್ಕಿಲ್ಲ. ಬುಧವಾರ ಸಿಕ್ಕದ್ದು 3.90, ಭಾನುವಾರ ಸಿಕ್ಕದ್ದು 2.85.

ಆದ್ದರಿಂದ ಸಾರ್ವಜನಿಕ ಕಡತವನ್ನು ಇಳಿಸಿಕೊಂಡು ಪ್ರತಿ ತಾರೀಖಿನ ಪಕ್ಕದಲ್ಲಿ ವಾರದ ಹೆಸರನ್ನು ಬರೆದು ದಿನವಾರು ಬಿಡಿಸಿ. ಶನಿವಾರ, ಭಾನುವಾರ, ರಜಾದಿನಗಳನ್ನು ಬೇರೆ ಮಾಡಿ. ಅತಿ ಕಡಿಮೆ ಗಂಟೆಗಳಿರುವ ಹತ್ತು ದಿನಗಳನ್ನು ಗುರುತು ಹಾಕಿಕೊಳ್ಳಿ. ಗೆಂಗ್, ಸ್ಟೀವನ್‌ಸನ್ ಮತ್ತು ಗ್ರಬೋವ್‌ಸ್ಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ದಾರಿಯಲ್ಲಿ ಹೋಗಿ, ಸಿಬ್ಬಂದಿ ದಿನದಿಂದ ದಿನಕ್ಕೆ ಬಹಳವಾಗಿ ಏರಿಳಿಯುತ್ತದೆಂದೂ ವಾರಾಂತ್ಯದಲ್ಲಿ ಕುಸಿಯುತ್ತದೆಂದೂ ವಾರ್ಷಿಕ ತಪಾಸಣೆಯ ಆಸುಪಾಸಿನಲ್ಲಿ ಏರುತ್ತದೆಂದೂ ತೋರಿಸಿತು. ತಪಾಸಣೆಯ ದಿನಾಂಕ ಕೇರ್ ಕಂಪೇರ್‌ನಲ್ಲಿ ಸಿಗುತ್ತದೆ. ಆ ವಾರವನ್ನು ಹಿಂದುಮುಂದಿನ ವಾರಗಳೊಂದಿಗೆ ಹೋಲಿಸಲು ಮರೆಯಬೇಡಿ.

ನಂತರ ಹುದ್ದೆವಾರು ಬಿಡಿಸಿ. ನಕ್ಷತ್ರದ ಲೆಕ್ಕದಲ್ಲಿ ನೋಂದಾಯಿತ ದಾದಿ ಎಂಬ ಒಂದೇ ಮೊತ್ತದೊಳಗೆ ಪಿಬಿಜೆಯ ಮೂರು ಹುದ್ದೆ ಸಂಕೇತಗಳು ಸೇರಿವೆ: 5 ಎಂದರೆ ಶುಶ್ರೂಷಾ ನಿರ್ದೇಶಕರು, 6 ಎಂದರೆ ಆಡಳಿತದ ಕೆಲಸ ಮಾಡುವ ದಾದಿ, 7 ಎಂದರೆ ವಾರ್ಡಿನ ದಾದಿ. ಮೊದಲ ಎರಡರಲ್ಲಿರುವವರು ಅಗತ್ಯ ಕೆಲಸವನ್ನೇ ಮಾಡುತ್ತಾರೆ, ಆದರೆ ಬಹುಪಾಲು ಮೇಜಿನ ಮುಂದೆ. ಮೊತ್ತ ತೃಪ್ತಿಕರವಾಗಿದ್ದು 7ರ ಸಾಲು ತೆಳ್ಳಗಿದ್ದರೆ, ನಿವಾಸಿಯ ಉಸಿರಾಟದ ಬದಲಾವಣೆಯನ್ನು ಗುರುತಿಸಬೇಕಾದ ಕಣ್ಣುಗಳು ಕಡಿಮೆ ಇವೆ ಎಂದರ್ಥ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ಶೌಚಕ್ಕೆ ಕರೆದೊಯ್ಯುವುದು ಎಲ್ಲವೂ 10ರ ಸಂಕೇತದ ಸಿಎನ್‌ಎಗಳ, ಎಂದರೆ ಪ್ರಮಾಣಿತ ಆರೈಕೆ ಸಹಾಯಕರ ಕೈಯಲ್ಲಿರುವುದರಿಂದ ಆ ಸಾಲನ್ನು ಪ್ರತ್ಯೇಕವಾಗಿಯೇ ನೋಡಬೇಕು. ತರಬೇತಿಯಲ್ಲಿರುವವರ ಸಂಕೇತ 11, ಔಷಧಿ ಕೊಡುವ ಸಹಾಯಕರದ್ದು 12.

ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಇಂದು ಒಂದೇ ರಾಷ್ಟ್ರೀಯ ಉತ್ತರವಿಲ್ಲ. ಸಿಎಂಎಸ್‌ಗಾಗಿ ನಡೆದ 2001ರ ಅಧ್ಯಯನವು ದೀರ್ಘಕಾಲದ ನಿವಾಸಿಗಳಿಗೆ 4.1 ಗಂಟೆಯ ಮಿತಿಯನ್ನು ಗುರುತಿಸಿತ್ತು, ಅದರಲ್ಲಿ 2.8 ಸಹಾಯಕರದ್ದು, 0.75 ನೋಂದಾಯಿತ ದಾದಿಯರದ್ದು. 2024ರ ಮೇ ತಿಂಗಳ ನಿಯಮ 3.48 ಎಂದು ನಿಗದಿಪಡಿಸಿತು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಆ ಭಾಗವನ್ನು ರದ್ದುಗೊಳಿಸಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನಿನಲ್ಲಿ 3.5ರ ಕನಿಷ್ಠ ಮಿತಿ ಇಟ್ಟುಕೊಂಡಿವೆ. ಕೇಂದ್ರ ಕಾನೂನಿನಲ್ಲಿ ಉಳಿದಿರುವುದು “ಸಾಕಷ್ಟು ಸಿಬ್ಬಂದಿ” ಎಂಬ ಮಾತು. ಆ ಮಾತು ಅಸ್ಪಷ್ಟವಾಗಿರುವುದರಿಂದಲೇ ದಿನವಾರು ಅಂಕಿಯನ್ನು ಹಿಡಿದು ವಾದಿಸುವುದು ಅನಿವಾರ್ಯವಾಗಿದೆ.

ನಾಲ್ಕನೆಯ ತಪಾಸಣೆ: ಪಿಬಿಜೆ ಕಾಣದ ರಾತ್ರಿ

ಅತ್ಯಂತ ಮುಖ್ಯವಾದ ಮಿತಿ ಇಲ್ಲಿದೆ. ಪಿಬಿಜೆಯಲ್ಲಿ ದಿನವಿದೆ, ಪಾಳಿಯಿಲ್ಲ, ವಾರ್ಡೂ ಇಲ್ಲ. ಮೇಲಿನ ನೂರು ನಿವಾಸಿಗಳ ಹೋಮ್‌ನಲ್ಲಿ ರಾತ್ರಿಗೆ ಮೂವರು ಸಹಾಯಕರಿದ್ದು, ಒಂದು ರಾತ್ರಿ ಒಬ್ಬರು ಬರಲಿಲ್ಲ ಎಂದುಕೊಳ್ಳಿ. ಒಬ್ಬೊಬ್ಬರ ಪಾಲಿಗೆ 33 ನಿವಾಸಿಗಳಿದ್ದದ್ದು 50 ಆಗುತ್ತದೆ. ಕಡತದಲ್ಲಿ ಕಡಿಮೆಯಾಗುವುದು ಏಳೂವರೆ ಗಂಟೆ. ನಿವಾಸಿಗೆ ಹಂಚಿದರೆ 0.075. ಎರಡು ತಾರೀಖುಗಳ ನಡುವೆ ಆ ಪಾಳಿ ಒಡೆದುಹೋಗುವುದರಿಂದ ಅಷ್ಟೂ ಒಂದೆಡೆ ಕಾಣುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ವೃದ್ಧರೊಬ್ಬರು ಅಂದು ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಮಲಗಿರಬಹುದು, ಮತ್ತು ಅವರ ಬೆನ್ನಿನ ಚರ್ಮ ಅದನ್ನು ದಾಖಲಿಸುತ್ತದೆ.

ಇದನ್ನು ಹಿಡಿಯಲು ಮೂರು ಕಾಗದಗಳು ಬೇಕು. ಒಂದು, ಪ್ರತಿ ಪಾಳಿಯ ಆರಂಭದಲ್ಲಿ ಹೋಮ್‌ನವರು ಎಲ್ಲರಿಗೂ ಕಾಣುವಂತೆ ಹಾಕಬೇಕಾದ ಸಿಬ್ಬಂದಿ ಫಲಕ; ಅದರ ಪ್ರತಿಗಳನ್ನು ಕನಿಷ್ಠ 18 ತಿಂಗಳು ಉಳಿಸಿಡಬೇಕು, ಕೇಳಿದವರಿಗೆ ತೋರಿಸಬೇಕು. ಎರಡು, ಕರೆಗಂಟೆ ಒತ್ತಿದ ಮತ್ತು ಆರಿಸಿದ ಸಮಯದ ದಾಖಲೆ, ಆ ಸೌಲಭ್ಯವಿರುವ ಕಡೆ. ಮೂರು, ಬಿದ್ದ ಘಟನೆಗಳ ದಾಖಲೆ, ಗಂಟೆಯ ಸಮೇತ. ನಿಮ್ಮವರ ದಾಖಲೆಯನ್ನು ನೋಡುವ ಹಕ್ಕು ನಿಮಗೆ, ಅವರ ಒಪ್ಪಿಗೆಯೊಂದಿಗೆ, ಇದೆ. ಉಳಿದವರದ್ದನ್ನು ಆಡಳಿತದವರೇ ನೋಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕುಟುಂಬಕ್ಕಾಗಿ ನಾನು ಹೀಗೆ ತಾಳೆ ನೋಡಿದೆ. ಆ ಹೋಮ್‌ನ ಹೆಸರು ಇಲ್ಲಿ ಬೇಡ. ಆ ತಾಯಿಯವರು ಏಳು ವಾರಗಳಲ್ಲಿ ಮೂರು ಸಲ ಬಿದ್ದಿದ್ದರು, ಮೂರೂ ಬೆಳಗಿನ ಐದರಿಂದ ಆರರ ನಡುವೆ, ಒಬ್ಬರೇ ಶೌಚಕ್ಕೆ ಏಳುವಾಗ. ಪಿಬಿಜೆಯಲ್ಲಿ ಆ ದಿನಗಳು ಸಾಧಾರಣವಾಗಿಯೇ ಇದ್ದವು. ಫಲಕದ ಪ್ರತಿಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಹರಡಿದಾಗ, ಆ ಮೂರೂ ರಾತ್ರಿ ಸಹಾಯಕರ ಅಂಕಣದಲ್ಲಿ 3 ಎಂದು ಬರೆದದ್ದನ್ನು ಹೊಡೆದು ಪಕ್ಕದಲ್ಲಿ ಪೆನ್ಸಿಲಿನಿಂದ 2 ಎಂದು ತಿದ್ದಿದ್ದು ಕಂಡಿತು. ಆ ಪೆನ್ಸಿಲ್ ಗುರುತನ್ನು ಹಾಕಿದ ರಾತ್ರಿ ದಾದಿಯ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ. ಅವರು ತಿದ್ದದೆ ಬಿಟ್ಟಿದ್ದರೆ ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ದುರಸ್ತಿ ಮತ್ತು ಹೊಣೆ

ದೋಷ ದಾಖಲೆಯದ್ದಾದರೆ ದುರಸ್ತಿ ಆಡಳಿತದ ಕೈಯಲ್ಲೇ ಇದೆ: ತ್ರೈಮಾಸಿಕ ಮುಗಿಯುವವರೆಗೆ ಕಾಯದೆ ಎರಡು ವಾರಕ್ಕೊಮ್ಮೆ ಕಳುಹಿಸಿ, ಪ್ರತಿ ಸಲವೂ ತಾಳೆ ನೋಡುವುದು. ದೋಷ ವಾರ್ಡಿನದ್ದಾದರೆ ಹೆಚ್ಚು ಜನ ಬೇಕೆಂಬುದು ಸಹಜವಾದ ಮೊದಲ ಉತ್ತರ, ಬಹಳ ಕಡೆ ಸರಿಯಾದ ಉತ್ತರವೂ ಹೌದು. ಆದರೆ ಅದಕ್ಕೆ ಮೊದಲು ಗೈರುಹಾಜರಿ ಎಲ್ಲಿ ಬೀಳುತ್ತಿದೆ, ಬದಲಿ ಕರೆಸುವ ಹೊಣೆ ಯಾರದ್ದು ಎಂಬುದನ್ನು ನೋಡಿ. ಶನಿವಾರ ರಾತ್ರಿ ಒಬ್ಬರು ಬರಲಿಲ್ಲವೆಂದರೆ ಫೋನು ಮಾಡಬೇಕಾದವರು ಯಾರೆಂದು ವಾರ್ಡಿನಲ್ಲಿದ್ದ ದಾದಿಗೆ ಗೊತ್ತಿಲ್ಲದಿದ್ದರೆ, ವೇಳಾಪಟ್ಟಿ ಎಷ್ಟು ಚೆನ್ನಾಗಿದ್ದರೂ ಕೊರತೆ ಉಳಿಯುತ್ತದೆ. ವಾರಾಂತ್ಯದ ಗಂಟೆಗಳು ಬಹುತೇಕ ಏಜೆನ್ಸಿಯವೇ ಆಗಿದ್ದರೆ, ನಿವಾಸಿಯ ಅಭ್ಯಾಸ ಗೊತ್ತಿಲ್ಲದವರ ಕೈಗೆ ಅವರನ್ನು ಒಪ್ಪಿಸಿದಂತಾಗುತ್ತದೆ. ಸಾರ್ವಜನಿಕ ಕಡತದಲ್ಲಿ ಸ್ವಂತ ನೌಕರರ ಗಂಟೆಗಳೂ ಗುತ್ತಿಗೆಯವರ ಗಂಟೆಗಳೂ ಬೇರೆಬೇರೆ ಅಂಕಣಗಳಲ್ಲಿವೆ, ನೋಡಿಕೊಳ್ಳಿ.

ಪಾಳಿಯ ಕೊರತೆಯನ್ನು ಎತ್ತಲು ಒಂದು ಗಟ್ಟಿಯಾದ ಆಧಾರವಿದೆ. ಪ್ರತಿ ಹೋಮ್ ತನ್ನ ನಿವಾಸಿಗಳ ಅಗತ್ಯಗಳನ್ನು ಅಳೆದು ಸೌಲಭ್ಯ ಮೌಲ್ಯಮಾಪನ ಎಂಬ ದಾಖಲೆಯನ್ನು ಬರೆಯಬೇಕು. 2024ರ ನಿಯಮದ ಈ ಭಾಗವನ್ನು ಟೆಕ್ಸಾಸ್ ತೀರ್ಪು ರದ್ದುಗೊಳಿಸಲಿಲ್ಲ. ಹಗಲು, ಸಂಜೆ, ರಾತ್ರಿ, ವಾರಾಂತ್ಯ ಹೀಗೆ ಪ್ರತಿ ಪಾಳಿಗೆ ಏನು ಬೇಕೆಂಬುದನ್ನು ಅಲ್ಲಿ ಪರಿಗಣಿಸಬೇಕು. ಹೋಮ್‌ನವರೇ ರಾತ್ರಿಗೆ ಮೂವರು ಬೇಕೆಂದು ಬರೆದು ಇಬ್ಬರನ್ನು ಇಟ್ಟಿದ್ದರೆ, ಹೊರಗಿನ ಯಾವ ಅಳತೆಗೋಲೂ ಬೇಕಾಗುವುದಿಲ್ಲ.

ದೂರು ಬರೆಯುವಾಗ “ಜನ ಕಡಿಮೆ ಇದ್ದಾರೆ” ಎಂದು ಬರೆಯಬೇಡಿ. ತಾರೀಖು, ಪಾಳಿ, ಫಲಕದ ಅಂಕಿ, ಪಿಬಿಜೆಯ ಅಂಕಿ, ಆ ಹೊತ್ತಿನಲ್ಲಿ ನಿವಾಸಿಗೆ ಆದದ್ದು, ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಮೊದಲು ಆಡಳಿತಾಧಿಕಾರಿಗೆ ಮತ್ತು ಕುಟುಂಬ ಮಂಡಳಿಗೆ ಕೊಡಿ. ಉತ್ತರ ಬಾರದಿದ್ದರೆ ನಿವಾಸಿಗಳ ಪರವಾಗಿ ದೂರು ವಿಚಾರಿಸುವ ದೀರ್ಘಕಾಲದ ಆರೈಕೆಯ ಓಂಬುಡ್ಸ್‌ಮನ್‌ಗೆ ಮತ್ತು ರಾಜ್ಯದ ತಪಾಸಣಾ ವಿಭಾಗಕ್ಕೆ ಕಳುಹಿಸಿ. ತಪಾಸಕರು ಪ್ರತಿ ಉಲ್ಲಂಘನೆಯನ್ನು ಒಂದು ಎಫ್ ಸಂಖ್ಯೆಯಿಂದ ಗುರುತಿಸುತ್ತಾರೆ: ಸಾಕಷ್ಟು ಸಿಬ್ಬಂದಿ ಇಲ್ಲದಿರುವುದು ಎಫ್ 725, ನೋಂದಾಯಿತ ದಾದಿಯ ಎಂಟು ಗಂಟೆ ತಪ್ಪಿದ್ದು ಎಫ್ 727, ಫಲಕ ಹಾಕದಿರುವುದು ಎಫ್ 732, ಪಿಬಿಜೆ ಸಲ್ಲಿಸದಿರುವುದು ಎಫ್ 851; ಈ ಸಂಖ್ಯೆಗಳನ್ನು ಬಳಸಿ ಬರೆದರೆ ತಪಾಸಕರ ಕೆಲಸ ಸುಲಭವಾಗುತ್ತದೆ. ವಾರಾಂತ್ಯದ ತೀವ್ರ ಕೊರತೆ, ನೋಂದಾಯಿತ ದಾದಿ ಇಲ್ಲದ ದಿನಗಳು ಅವರಿಗೆ ಸಿಗುವ 1705ರ ವರದಿಯಲ್ಲಿ ಮೊದಲೇ ಗುರುತಾಗಿರುತ್ತವೆ, ಆದರೆ ಪಾಳಿಯ ವಿವರ ಅಲ್ಲಿ ಇರುವುದಿಲ್ಲ. ಅದನ್ನು ಒದಗಿಸಬಲ್ಲವರು ಒಳಗೆ ಇರುವವರು ಮತ್ತು ಭೇಟಿಗೆ ಬರುವವರು ಮಾತ್ರ.

ದುರಸ್ತಿಯ ನಂತರದ ಪರೀಕ್ಷೆ

ಸಾರ್ವಜನಿಕ ಕಡತ ತಿಂಗಳುಗಳಷ್ಟು ತಡವಾಗಿ ಬರುವುದರಿಂದ ದುರಸ್ತಿ ಆಯಿತೇ ಎಂದು ತಿಳಿಯಲು ಅದನ್ನು ಕಾಯುತ್ತ ಕೂರಬೇಡಿ. ಫಲಕದ ಚಿತ್ರವನ್ನು ಭೇಟಿಯ ಪ್ರತಿ ಸಲವೂ ತೆಗೆದುಕೊಳ್ಳಿ, ವಾರಾಂತ್ಯದ ಬೆಳಿಗ್ಗೆಯೂ ರಾತ್ರಿ ಪಾಳಿಯ ಆರಂಭಕ್ಕೂ ಸೇರಿದಂತೆ. ಆರು ವಾರಾಂತ್ಯಗಳ ಫಲಕಗಳು ಸೌಲಭ್ಯ ಮೌಲ್ಯಮಾಪನದ ಸಂಖ್ಯೆಗೆ ಹೊಂದಿದರೆ, ಫಲಕದಲ್ಲಿ ಬರೆದಷ್ಟೇ ಜನ ವಾರ್ಡಿನಲ್ಲಿ ನಿಮ್ಮ ಕಣ್ಣಿಗೂ ಕಂಡರೆ, ದೂರಿನ ಕಡತದಲ್ಲಿ ಆ ತಾರೀಖುಗಳನ್ನು ಬರೆದು ಮುಚ್ಚಬಹುದು. ಆ ತ್ರೈಮಾಸಿಕದ ಪಿಬಿಜೆ ಪ್ರಕಟವಾದಾಗ ಅವೇ ತಾರೀಖುಗಳನ್ನು ತೆರೆದು ಫಲಕದ ಚಿತ್ರಗಳೊಂದಿಗೆ ಮತ್ತೊಮ್ಮೆ ತಾಳೆ ನೋಡಿ. ಫಲಕದ ಗಂಟೆಗಳಿಗಿಂತ ಪಿಬಿಜೆಯ ಗಂಟೆಗಳು ಹೆಚ್ಚಿದ್ದರೆ ಮೊದಲ ತಪಾಸಣೆಗೆ ಹಿಂದಿರುಗಿ, ಊಟದ ಬಿಡುವಿನಿಂದಲೇ ಆರಂಭಿಸಿ.